ಗಿಡದ ಫೋಟೋ ಕಳಿಸ್ತೀವಿ, ಮನಸ್ಸಿನ ಮಾತು ಯಾರಿಗೆ ಹೇಳ್ತೀವಿ?

ನಮ್ಮ ದಾಳಿಂಬೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ರಾತ್ರಿ ಎರಡು ಗಂಟೆಗೂ ಫೋಟೋ ಬರುತ್ತವೆ. ಕಾಯಿ ಮೇಲೆ ಕಪ್ಪು ಚುಕ್ಕೆ, ನಡುವೆ ಬಿರುಕು. 'ದುಂಡಾಣು ಅಂಗಮಾರಿ, ರೋಗದ ಕಾಯಿ ಕಿತ್ತು ಸುಟ್ಟುಬಿಡಿ' ಅಂತ ಹತ್ತು ಜನ ಉತ್ತರ ಕೊಡ್ತೀವಿ. ಇಷ್ಟು ಹೊತ್ತಿನಲ್ಲಿ ಈ ಮನುಷ್ಯ ಯಾಕೆ ಎಚ್ಚರ ಇದ್ದಾನೆ ಅಂತ ಮಾತ್ರ ಯಾರೂ ಕೇಳಲ್ಲ. ಈ ವಾರ ಗಿಡ ಬಿಟ್ಟು ಅದರ ಬಗ್ಗೆ ಬರೀತೀನಿ.

ಹಿರಿಯೂರು, ಹೊಸದುರ್ಗದ ಕಡೆ ಯಾರೂ 'ನನಗೆ ಖಿನ್ನತೆ' ಅನ್ನಲ್ಲ. 'ತಲೆ ಭಾರ', 'ಎದೆಯಲ್ಲಿ ಉರಿ', 'ಯೋಚ್ನೆ ಜಾಸ್ತಿ ಆಗಿದೆ ಕಣಣ್ಣ' ಅಂತಾರೆ. ಗ್ಯಾಸ್ಟ್ರಿಕ್ ಮಾತ್ರೆ ನುಂಗ್ತಾರೆ, ಬಾಟಲಿ ಹಾಕಿಸ್ಕೊಂಡು ಬರ್ತಾರೆ. ಇದು ಹಳ್ಳಿಯವರ ಅಜ್ಞಾನ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಕಾರಣ ಸಿಗುತ್ತೆ. ಮೈ ನೋವು ಹೇಳಿಕೊಂಡರೆ ಅವಮಾನ ಕಡಿಮೆ. ಮನಸ್ಸಿನ ಬೇಸರ ಹೇಳಿಕೊಂಡರೆ ಜನ ಕೀಳಾಗಿ ನೋಡ್ತಾರೆ ಅನ್ನೋ ಭಯ ಹೆಚ್ಚು. ಹಾಗಾಗಿ ನಮ್ಮ ಜನ ಲೆಕ್ಕ ಹಾಕಿಯೇ ಮಾತಾಡ್ತಿದ್ದಾರೆ.

ಜಿಂಬಾಬ್ವೆಯಲ್ಲಿ ಇದಕ್ಕೆ 'ಕುಫುಂಗಿಸಿಸಾ' ಅಂತಾರೆ. ಅರ್ಥ ಯೋಚನೆ ಜಾಸ್ತಿ, ನಮ್ಮ ಮಾತೇ! ಅಲ್ಲಿನ ಡಾ. ಡಿಕ್ಸನ್ ಚಿಬಾಂಡ ಆ ಪದ ಹಿಡಿದೇ ಚಿಕಿತ್ಸೆ ಕಟ್ಟಿದರು. ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ತರಬೇತಿ ಪಡೆದ ಅಜ್ಜಿಯರು ಕೂತು, ಸಮಸ್ಯೆಗಳನ್ನ ಒಂದೊಂದಾಗಿ ಬಿಡಿಸಿ ಮಾತಾಡ್ತಾರೆ.

ನಮಗೆ ಹತ್ತಿರದ ಲೆಕ್ಕ ಬೇಕಂದ್ರೆ ಗೋವಾ ನೋಡಿ. 10 ಪ್ರಾಥಮಿಕ ಆರೋಗ್ಯ ಕೇಂದ್ರ, ಹೆಚ್ಚು ಖಿನ್ನತೆಯಿದ್ದ 495 ಜನ. ಬಬ್ಬೂರು ಫಾರಂನಲ್ಲಿ ತಾಕುಗಳಿಗೆ ಚೀಟಿ ಎತ್ತಿ ಗೊಬ್ಬರ ಹಂಚುವ ಹಾಗೆ ಜನರನ್ನೂ ಎರಡು ಗುಂಪು ಮಾಡಿದರು. (ಈ ವಿಧಾನ ಬೆಳೆದದ್ದೇ ಹೊಲದಲ್ಲಿ, 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ.) ಒಂದು ಗುಂಪಿಗೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ; ಇನ್ನೊಂದಕ್ಕೆ ಅದರ ಜೊತೆಗೆ ಆರೆಂಟು ಭೇಟಿ ಮಾತಿನ ಚಿಕಿತ್ಸೆ. ಮಾತಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಮೂರು ತಿಂಗಳಿಗೆ ಖಿನ್ನತೆಯಿಂದ ಹೊರಬಂದವರು ಮಾತಿನ ಗುಂಪಲ್ಲಿ 64%, ಇನ್ನೊಂದರಲ್ಲಿ 39%. ಇದು 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು.

ಏನು ಮಾತಾಡ್ತಾರೆ? 'ಧೈರ್ಯ ತಗೋ' ಅಂತ ಅಲ್ಲ. ನಮ್ಮ ಉದಾಹರಣೆಯಲ್ಲೇ ಹೇಳ್ತೀನಿ. ಮನಸ್ಸು ಕುಸಿದವನು ತೋಟಕ್ಕೆ ಹೋಗೋದು ಬಿಡ್ತಾನೆ. ಡ್ರಿಪ್ ಕಟ್ಟಿಕೊಳ್ಳುತ್ತೆ, ಕಳೆ ಏರುತ್ತೆ, ಅದನ್ನ ನೋಡಕ್ಕಾಗದೆ ಇನ್ನೂ ಹೋಗಲ್ಲ. ಈ ಸುತ್ತನ್ನ ಎಲ್ಲಾದರೂ ಮುರೀಬೇಕು. ನಾಳೆ ಬೆಳಿಗ್ಗೆ ಒಂದೇ ಒಂದು ಸಾಲು ನೋಡಿ ಬರೋದು, ಸಂಜೆ ಗೆಳೆಯನ ಜೊತೆ ಟೀ. ಹೇಗನಿಸ್ತು ಅಂತ ಮುಂದಿನ ವಾರ ಕೂತು ಮಾತಾಡೋದು. ಕೇಳೋಕೆ ಸಣ್ಣದು, ಅಲ್ವಾ? ಆದರೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ ಇದೆ.

'ಸಾಲ ತೀರಿಸದ ಮಾತು ಯಾಕೆ?' ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. 2022ರಲ್ಲಿ ಮಾರಿಕಣಿವೆ 1933ರ ನಂತರ ಮೊದಲ ಸಲ ಕೋಡಿ ಬಿತ್ತು, ನಾವೆಲ್ಲ ಸೆಲ್ಫಿ ತಗೊಂಡ್ವಿ. ವಿಫಲವಾದ ಬೋರುಗಳ ಸಾಲ ಹಾಗೇ ಉಳೀತು. ಸಾಲಕ್ಕೆ ಸರ್ಕಾರ, ಬ್ಯಾಂಕು, ಬೆಲೆ ಎಲ್ಲ ಉತ್ತರ ಕೊಡಬೇಕು, ಅದನ್ನ ಕೌನ್ಸೆಲಿಂಗ್‌ನಿಂದ ಮುಚ್ಚಿಹಾಕೋಕೆ ನಾನು ಒಪ್ಪಲ್ಲ. ಆದರೆ ಮೂರು ತಿಂಗಳಿಂದ ನಿದ್ದೆ ಇಲ್ಲದವನು ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಕಂತು ಬದಲಾಯಿಸಿಕೊಳ್ಳೋದಾದ್ರೂ ಹೇಗೆ?

2014ರಿಂದ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮ ಇದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ. ಒಳ್ಳೇದೇ. ಆದರೆ ಒಂದು ದಿನದಲ್ಲಿ ಇಡೀ ತಾಲ್ಲೂಕು ನೋಡುವವರಿಂದ ಅರ್ಧ ಗಂಟೆ ಮಾತು ನಿರೀಕ್ಷಿಸಕ್ಕಾಗಲ್ಲ. ಗೋವಾದ ಹಾಗೆ ಪ್ರತಿ ಆರೋಗ್ಯ ಕೇಂದ್ರದಲ್ಲೂ ಊರಿನವರೇ ಒಬ್ಬರು ತರಬೇತಿ ಪಡೆದು ಕೂರಬೇಕು, ಅವರಿಗೆ ಸಂಬಳ ಬೇಕು. ಹೊಳಲ್ಕೆರೆಯ ತಾಂಡಾದಲ್ಲಿ ಲಂಬಾಣಿ ಮಾತು ಬಲ್ಲವರಿರಲಿ. ಹಿರಿಯೂರಿನ ಗೊಲ್ಲರಹಟ್ಟಿಯಲ್ಲಿ ಜುಂಜಪ್ಪನಿಗೆ ಹರಕೆ ಹೊತ್ತವರನ್ನ ಮೊದಲ ಮಾತಲ್ಲೇ 'ಮೂಢನಂಬಿಕೆ' ಅಂತ ಬೈಯುವವರು ಬೇಡ, ಎರಡನೇ ಸಲ ಯಾರೂ ಬರಲ್ಲ. ಹರಕೆಯೂ ಇರಲಿ, ಚಿಕಿತ್ಸೆಯೂ ನಡೀಲಿ. ರೈತ ಉತ್ಪಾದಕ ಕಂಪನಿಗಳು ಇದನ್ನ ಕೇಳಬೇಕು. ಬರೀ ಡ್ರಿಪ್ ಸಬ್ಸಿಡಿ ಕೇಳಿದ್ರೆ ಸಾಲದು.

ಅಲ್ಲಿವರೆಗೆ ಮೊಬೈಲಲ್ಲಿ 14416 ಸೇವ್ ಮಾಡ್ಕೊಳ್ಳಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಉಚಿತ ಸೇವೆ. ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಈಗಾಗಲೇ ಮಾತ್ರೆ ತಗೊಳ್ತಿದ್ರೆ ಡಾಕ್ಟರನ್ನ ಕೇಳದೆ ಬಿಡಬೇಡಿ. ಮನೆಯಲ್ಲಿ ಯಾರಾದರೂ ಬದುಕು ಸಾಕು ಅನ್ನೋ ಮಾತಾಡಿದ್ರೆ ಒಂಟಿಯಾಗಿ ಬಿಡಬೇಡಿ, ಸಿಂಪಡಣೆ ಔಷಧಿಗಳನ್ನ ಅವತ್ತೇ ಬೇರೆ ಕಡೆ ಸಾಗಿಸಿ ಬೀಗ ಹಾಕಿ. ಫೋನ್ ಮಾಡಿದಾಗ ಎಲ್ಲಿಂದ ಶುರು ಮಾಡೋದು ಅಂತ ತೋಚದಿದ್ರೆ 'ನಿದ್ದೆ ಹತ್ತಲ್ಲ, ಯೋಚ್ನೆ ಜಾಸ್ತಿ' ಅನ್ನಿ. ಮುಂದಿನದನ್ನ ಅವರೇ ಕೇಳ್ತಾರೆ.