ಅವರಮ್ಮ ಎಲ್ಲಿ?

‘ಮೊಮ್ಮಕ್ಕಳೆಂದರೆ ಆ ಚಕ್ರವರ್ತಿಗೆ ಎಂಥ ಅಕ್ಕರೆ ನೋಡಿ ಟೀಚರ್’ ಎಂದು ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಪುಸ್ತಕವೊಂದನ್ನು ನನ್ನ ಮುಂದೆ ಹಿಡಿದರು. ರೋಮಿನ ಅಗಸ್ಟಸ್ ಹೊರಡಿಸಿದ ಚಿನ್ನದ ನಾಣ್ಯದ ಚಿತ್ರ. ಒಂದು ಕಡೆ ಅವನ ಮುಖ; ಇನ್ನೊಂದು ಕಡೆ ಗೇಯಸ್, ಲೂಸಿಯಸ್ ಎಂಬ ಇಬ್ಬರು ಹುಡುಗರು, ನಡುವೆ ಗುರಾಣಿ, ಈಟಿ. ತೂಕ ಎಂಟು ಗ್ರಾಮಿಗೆ ತುಸು ಕಡಿಮೆ. ನಮ್ಮ ಹೆಂಗಸರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಸವರನ್ನು.

ಅಕ್ಕರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇವರು ಅವನ ಮಗಳು ಜೂಲಿಯಾಳ ಮಕ್ಕಳು. ಗಂಡು ಸಂತಾನವಿಲ್ಲದ ಅಗಸ್ಟಸ್ ಕ್ರಿ.ಪೂ. 17ರಲ್ಲಿ ಇಬ್ಬರನ್ನೂ ದತ್ತು ತೆಗೆದುಕೊಂಡ. ಲೂಸಿಯಸ್ ಅದೇ ವರ್ಷ ಹುಟ್ಟಿದ ಕೂಸು. ಹುಡುಗರ ತಂದೆ ಅಗ್ರಿಪ್ಪನಿಂದ ತಕ್ಕಡಿ, ಕಾಸು ಇಟ್ಟು ಕೊಂಡುಕೊಳ್ಳುವ ಶಾಸ್ತ್ರ ನಡೆಯಿತೆಂದು ಸ್ವೆಟೋನಿಯಸ್ ಬರೆದಿದ್ದಾನೆ. ಶಾಸ್ತ್ರಕ್ಕೇ ಇರಲಿ, ತಕ್ಕಡಿ ತಕ್ಕಡಿಯೇ. ಹೆತ್ತವಳನ್ನು ಒಂದು ಮಾತು ಕೇಳಿದರೆಂದು ನಾನೆಲ್ಲೂ ಓದಿಲ್ಲ.

ಈ ನಾಣ್ಯ ಅಚ್ಚಾಗತೊಡಗಿದ್ದು ಕ್ರಿ.ಪೂ. 2ರ ಸುಮಾರಿಗೆ, ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ. ಅದೇ ಕ್ರಿ.ಪೂ. 2ರಲ್ಲಿ ನಡತೆಗೆಟ್ಟವಳೆಂದು ಜೂಲಿಯಾಳನ್ನು ಹೆತ್ತ ಅಪ್ಪನೇ ಪಾಂಡಟೇರಿಯಾ ಎಂಬ ಪುಟ್ಟ ದ್ವೀಪಕ್ಕೆ ಅಟ್ಟಿದ. ಮಕ್ಕಳು ಚಿನ್ನದ ಮೇಲೆ, ತಾಯಿ ಬಂಡೆಯ ಮೇಲೆ! ಅಂಚಿನ ಬರಹದಲ್ಲಿ ಹುಡುಗರು ‘ಅಗಸ್ಟಸ್ಸನ ಮಕ್ಕಳು’. ಮುಂದೆ ಅವರಿಗೆ ಬರಲಿರುವ ಪದವಿಯೂ ಉಂಟು. ಇದಕ್ಕೆ ನಾನು ಜಾಹೀರಾತು ಎನ್ನುತ್ತೇನೆ. ನಾಳಿನ ಒಡೆಯರು ಇವರೇ, ಈಗಿನಿಂದಲೇ ತಲೆ ಬಾಗಿಸಿ ಅಭ್ಯಾಸ ಮಾಡಿಕೊಳ್ಳಿ ಎಂದು.

ಇದೇ ಚಿತ್ರದ ಬೆಳ್ಳಿ ನಾಣ್ಯಗಳು ವ್ಯಾಪಾರದ ಹಡಗು ಹತ್ತಿ ನಮ್ಮ ದಕ್ಷಿಣಕ್ಕೂ ಹೇರಳವಾಗಿ ಬಂದವು. ಬೆಂಗಳೂರಿನ ಯಶವಂತಪುರದಲ್ಲೇ 1891ರಲ್ಲಿ ರೋಮನ್ ಬೆಳ್ಳಿಯ ನಿಧಿ ಸಿಕ್ಕಿತ್ತು. ನಾವು ಮಾತ್ರ ‘ಮೆಣಸಿಗೆ ಬಂದ ಹಣ’ ಎಂದು ಬೋರ್ಡಿನ ಮೇಲೆ ಬರೆದು ಪಾಠ ಮುಗಿಸುತ್ತೇವೆ. ನಾನೂ ವರ್ಷಾನುಗಟ್ಟಲೆ ಹಾಗೆಯೇ ಮಾಡಿದವಳು. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಚಿತ್ರ ನೋಡಿ ‘ಅವರಮ್ಮ ಎಲ್ಲಿ ಮಿಸ್?’ ಎಂದಳು. ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಗಿ, ಆಮೇಲೆ ಓದಿದೆ.

ಲೂಸಿಯಸ್ ಕ್ರಿ.ಶ. 2ರಲ್ಲಿ ಮಾರ್ಸೇಲ್ಸ್‌ನಲ್ಲಿ ತೀರಿಕೊಂಡ, ಹದಿನೆಂಟು ವರ್ಷಕ್ಕೆ. ಗೇಯಸ್ ಕ್ರಿ.ಶ. 4ರಲ್ಲಿ ಲಿಸಿಯಾದಲ್ಲಿ. ಆಮೇಲೂ ಹತ್ತು ವರ್ಷ ಜೂಲಿಯಾ ದೇಶಭ್ರಷ್ಟಳಾಗಿಯೇ ಬದುಕಿದ್ದಳು.

ಇದನ್ನೆಲ್ಲ ಹೇಳಿದಾಗ ಸಹೋದ್ಯೋಗಿ ನಕ್ಕರು. ‘ಅಷ್ಟು ಸಣ್ಣ ನಾಣ್ಯದ ಮೇಲೆ ಎಷ್ಟೂಂತ ಬರೀತಾರೆ ಟೀಚರ್?’

‘ತಾತನ ಹೆಸರಿಗೆ ಎರಡು ಕಡೆಯೂ ಜಾಗ ಸಿಕ್ಕಿದೆಯಲ್ಲ ಸಾರ್’ ಎಂದೆ.