ಆಸ್ಪತ್ರೆ ಕೇಳುವಾಗ ಮಾತನ್ನೂ ಕೇಳೋಣ

(1/6)
ಫೋಟೋದಲ್ಲಿರೋದು ಹಳೇ ಕ್ಯಾಲೆಂಡರಿನ ರಟ್ಟು. ಅದರ ಹಿಂದೆ ನಾನು ಸ್ಕೆಚ್ ಪೆನ್ನಲ್ಲಿ ಬಿಡಿಸಿದ ಆರು ಚಿತ್ರ: ನೀರಿನ ಚೊಂಬು, ಗಂಜಿ ಬಟ್ಟಲು, ಫ್ಯಾನು, ಬಚ್ಚಲು, ಕಂಬಳಿ, ತಲೆ ಹಿಡ್ಕೊಂಡು ಕೂತ ಮನುಷ್ಯ. ಡ್ರಾಯಿಂಗ್ ನೋಡಿ ನಗು ಬಂದ್ರೆ ನಗಿ, ಪರವಾಗಿಲ್ಲ. ಆದ್ರೆ ಎಂಟು ತಿಂಗಳಿಂದ ನಮ್ಮ ಅಜ್ಜ ಹೆಚ್ಚಿನ ಮಾತು ಆಡೋದು ಇದರ ಮೇಲೆ ಬೆರಳಿಟ್ಟೇ.

ಅಜ್ಜನಿಗೆ ಲಕ್ವ ಹೊಡೀತು. ಜೀವ ಉಳೀತು. ಬಲಗೈ ಬಲಗಾಲು ಸೋತವು, ಮಾತು ಹೋಯ್ತು. ನೋಡ್ಲಿಕ್ಕೆ ಬಂದವರೆಲ್ಲ ಅಜ್ಜನ ಎದುರಿಗೇ "ಪಾಪ, ಈಗ ಎಂತದೂ ತಿಳಿಯುದಿಲ್ಲ" ಅಂದ್ರು. ನಾನೂ ನಂಬಿದೆ. ಕಿವಿ ಹತ್ರ ಹೋಗಿ, ಸಣ್ಣ ಮಗುಗೆ ಹೇಳೋ ಹಾಗೆ ಕೂಗಿ ಕೂಗಿ ಹೇಳ್ತಿದ್ದೆ. ಅಜ್ಜ ಮುಖ ತಿರುಗಿಸ್ತಿದ್ದ. ಸಿಟ್ಟು ಅಂದ್ಕೊಂಡೆ. ಅದು ಅವಮಾನ ಅಂತ ಆಮೇಲೆ ಗೊತ್ತಾಯ್ತು.

(2/6)
ಗೊತ್ತು ಮಾಡಿಸಿದ್ದು ಮಂಗಳೂರಿನ ಒಬ್ರು ಸ್ಪೀಚ್ ಥೆರಪಿಸ್ಟ್. ಮೊದಲ ದಿನ ಪೆನ್ನು, ಲೋಟ, ಬೀಗದ ಕೈ ಮೇಜಿನ ಮೇಲಿಟ್ಟು "ಬೀಗದ ಕೈ ತೋರ್ಸಿ ಅಜ್ಜಾ" ಅಂದ್ರು. ಅಜ್ಜ ಎಡಗೈಯಲ್ಲಿ ತೋರಿಸಿದ. "ಕುಮಟಾ ಗೋವಾದಲ್ಲಿದೆಯಾ?" ಅಂತ ಕೇಳಿದ್ರು. ಅಜ್ಜ ಜೋರಾಗಿ ತಲೆ ಅಲ್ಲಾಡಿಸಿದ, ನಕ್ಕ ಕೂಡ. ಆಯಿ ಅಲ್ಲೇ ಅತ್ತುಬಿಟ್ಳು.

ಇದಕ್ಕೆ ಅಫೇಸಿಯಾ ಅಂತಾರೆ. ಬುದ್ಧಿ ಇರ್ತದೆ, ಹೇಳ್ಬೇಕಾದ್ದೂ ಇರ್ತದೆ, ಶಬ್ದ ಸಿಗೋದಿಲ್ಲ. ಕೆಲವರಿಗೆ ಕೇಳಿದ ಮಾತು ಅರ್ಥ ಆಗೋದೂ ಕಷ್ಟ. ಯಾರಿಗೆ ಎಷ್ಟು ಅಂತ ಅಳೆಯೋದೇ ಥೆರಪಿಸ್ಟ್ ಮೊದಲ ಕೆಲಸ. ಹೆಚ್ಚಿನವರಿಗೆ ಭಾಷೆ ನೋಡ್ಕೊಳ್ಳೋದು ಮಿದುಳಿನ ಎಡಭಾಗ, ಬಲಗೈ ಬಲಗಾಲು ನಡೆಸೋದೂ ಅದೇ. ಅದಕ್ಕೇ ಎರಡೂ ಒಟ್ಟಿಗೆ ಹೋಗೋದು ಜಾಸ್ತಿ.

"ನೀರು" ಅನ್ನೋಕಾಗದ ಅಜ್ಜ, ಶುರು ಮಾಡಿಕೊಟ್ರೆ ಭಜನೆ ಪೂರ್ತಿ ಹಾಡಿದ. ಬಾಯಿಗೆ ಕೂತುಹೋದ ಮಾತು ಮತ್ತು ರಾಗ ಎಷ್ಟೋ ಸಲ ಉಳ್ಕೊಳ್ತವಂತೆ. ಆ ರಾಗವನ್ನೇ ಮೆಟ್ಟಿಲು ಮಾಡ್ಕೊಂಡು, ಎಡಗೈ ತಟ್ಟುತ್ತಾ "ನೀ…ರು" ಅನ್ನಿಸಿದ್ರು. ಗಂಜಿ ಕುಡಿಯುವಾಗ ಕೆಮ್ಮು ಬರೋದನ್ನೂ ಅವರೇ ನೋಡಿದ್ದು. ನುಂಗೋ ತೊಂದರೆಯೂ ಇವರ ಕೆಲಸದಲ್ಲೇ ಬರ್ತದೆ. ಉಂಡಿದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ ಆಗ್ಬಹುದು.

(3/6)
ಇದು ಮುದುಕರ ವಿಷಯ ಅಂತ ಸ್ವೈಪ್ ಮಾಡ್ಬೇಡಿ. ನಿಮ್ಮ ಅಕ್ಕನ ಮಗುಗೆ ಎರಡು ವರ್ಷ ತುಂಬಿದ್ರೂ ಎರಡು ಶಬ್ದ ಜೋಡಿಸಿ ಹೇಳೋಕೆ ಬರ್ತಿಲ್ಲ ಅಂದ್ಕೊಳ್ಳಿ. ನಮ್ಮ ಕಡೆ ಎಂತ ಹೇಳ್ತಾರೆ? "ಅವ್ನ ಅಪ್ಪಂಗೂ ತಡವಾಗೇ ಮಾತು ಬಂದದ್ದು." "ಬಜೆ ತೇಯ್ದು ನಾಲಿಗೆಗೆ ಹಚ್ಚಿ." ಹರಕೆ ಹೊರಿ, ಬೇಡ ಅನ್ನೋಕೆ ನಾನ್ಯಾರು? ಆದ್ರೆ ಅದ್ರ ಜೊತೆಗೇ ಕಿವಿ ಪರೀಕ್ಷೆ ಮಾಡಿಸಿ. ಕೇಳದ ಮಗು ಮಾತು ಕಲಿಯೋದು ಹೇಗೆ? ಕೆಲವು ಮಕ್ಕಳಿಗೆ ತಡವಾಗಿ ತಾನಾಗೇ ಮಾತು ಬರೋದು ಹೌದು. ಯಾವ ಮಗುಗೆ ಅಂತ ನಾವು ನೀವು ಕೂತಲ್ಲಿಂದ ಹೇಳೋಕಾಗಲ್ಲ. ಸಣ್ಣ ವಯಸ್ಸಲ್ಲಿ ಕಳೆದ ವರ್ಷ ವಾಪಸ್ ಬರೋದಿಲ್ಲ.

(4/6)
ಈಗ ನಮ್ಮ ಕ್ಲಾಸಿಗೆ ಬನ್ನಿ. ಹಾಜರಿ ಕರೆಯುವಾಗ "ಎಸ್ ಸರ್" ಅನ್ನೋಕೆ ನಮಗೆ ಅರ್ಧ ಸೆಕೆಂಡು ಸಾಕು. ಉಗ್ಗುವ ಗೆಳೆಯನಿಗೆ ತನ್ನ ನಂಬರ್ ಬರೋ ತನಕ ಎದೆ ಹೊಡ್ಕೊಳ್ತಾ ಇರ್ತದೆ. ಸೆಮಿನಾರ್ ದಿನ ಅವನು ಯಾಕೆ ರಜೆ ಹಾಕ್ತಾನೆ ಅಂತ ನಾವು ಕೇಳಿದ್ದೇವಾ? ಅವನ ಥರ ಮಿಮಿಕ್ರಿ ಮಾಡಿದವರು ನಮ್ಮಲ್ಲೇ ಇದ್ದೇವೆ. ಒಂದು ಸಲ ನಾನೂ ನಕ್ಕಿದ್ದೇನೆ. ಹೃತಿಕ್ ರೋಷನ್ ಚಿಕ್ಕಂದಿನಿಂದ ಉಗ್ಗಿನ ಜೊತೆ ಹೋರಾಡಿದ್ದನ್ನ ತಾವೇ ಹೇಳ್ಕೊಂಡಿದ್ದಾರೆ. ಅವರಿಗೆ ಚಪ್ಪಾಳೆ ಹೊಡೀತೇವೆ, ಪಕ್ಕದ ಬೆಂಚಿನವನಿಗೆ ಐದು ಸೆಕೆಂಡ್ ಕಾಯೋದಿಲ್ಲ. ಇದು ಯಾವ ನ್ಯಾಯ?

(5/6)
ನನ್ನ ಮುಖ್ಯ ಮಾತು ಇದು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನ ಕರ್ಕೊಂಡು ಹೊರಟ ಆಂಬ್ಯುಲೆನ್ಸ್ ಶಿರೂರು ಟೋಲ್ ಹತ್ರ ಪಲ್ಟಿ ಆಯ್ತಲ್ಲ, ಆಗ ನಾವೆಲ್ಲ ಸ್ಟೇಟಸ್ ಹಾಕಿದ್ದು ನೆನಪಿದೆಯಾ? 'ನೋ ಹಾಸ್ಪಿಟಲ್ ನೋ ವೋಟ್'. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೇಳಿದ್ದು ಸರಿ, ಈಗ್ಲೂ ಕೇಳ್ತೇನೆ. ಆದ್ರೆ ನನ್ನ ಸ್ಟೇಟಸ್ಸಲ್ಲಿ ಐಸಿಯು ಇತ್ತು, ಹೃದಯದ ಡಾಕ್ಟ್ರು ಇದ್ರು. ಜೀವ ಉಳಿದು ಮನೆಗೆ ಬಂದ ಮೇಲೆ ಎಂತ ಅನ್ನೋದು ಇರ್ಲಿಲ್ಲ.

ಲೆಕ್ಕ ಹಾಕಿ. ಕುಮಟಾದಿಂದ ಮಂಗಳೂರಿಗೆ ಸುಮಾರು 200 ಕಿ.ಮೀ. ವಾರಕ್ಕೊಂದು ಸಲ ಅಂದ್ರೂ ಮೂರು ತಿಂಗಳಿಗೆ 12 ಸಲ, ಹೋಗಿ ಬಂದು 4,800 ಕಿ.ಮೀ. ಸಿಗೋದು ಸಲಕ್ಕೆ ಮುಕ್ಕಾಲು ಗಂಟೆ ಥೆರಪಿ. ಕಾರಿನ ಬಾಡಿಗೆ, ದೊಡ್ಡಪ್ಪನ ಒಂದು ದಿನದ ಕೆಲಸ, ಎಲ್ಲ ಸೇರಿ ನಾವು ನಾಲ್ಕನೇ ಸಲಕ್ಕೆ ನಿಲ್ಲಿಸಿದ್ವಿ. ಈಗ ವಾರಕ್ಕೊಮ್ಮೆ ವಿಡಿಯೋ ಕಾಲ್, ಸಂತೆಗುಳಿಯಲ್ಲಿ ನೆಟ್‌ವರ್ಕ್ ಇದ್ದ ದಿನ.

ಇದು ಪುಕ್ಕಟೆ ದಯೆ ಕೇಳೋ ವಿಷಯ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯದ್ದೂ ಒಂದು, ಅದರಲ್ಲಿ ಅಫೇಸಿಯಾದ ಹೆಸರೇ ಇದೆ. ಮೈಸೂರಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡದ ಉಚ್ಚಾರಣೆ ಪರೀಕ್ಷೆ 1972ರಲ್ಲೇ ತಯಾರಾಗಿದೆ. ವಿದ್ಯೆ ನಮ್ಮ ರಾಜ್ಯದಲ್ಲೇ, ನಮ್ಮ ಭಾಷೆಯಲ್ಲೇ ಇದೆ. ಅದು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕು ಆಸ್ಪತ್ರೆಗೆ ವಾರಕ್ಕೊಂದು ದಿನ ಆದ್ರೂ ಬಂದು ಕೂರ್ಬೇಕು. ಮುಂದಿನ ಸಲ ವೋಟು ಕೇಳ್ಲಿಕ್ಕೆ ಬಂದವರ ಹತ್ರ ಇದನ್ನೂ ಕೇಳಿ.

(6/6)
ಅಲ್ಲಿ ತನಕ ನಾವು ಮಾಡ್ಬಹುದಾದ್ದು:
• ಎದುರಿನವರ ಮಾತು ನೀವು ಮುಗಿಸ್ಬೇಡಿ, ಕಾಯಿರಿ.
• "ನಿಧಾನ, ಉಸಿರು ತಗೊ" ಅಂತ ಬುದ್ಧಿ ಹೇಳ್ಬೇಡಿ.
• ಅಫೇಸಿಯಾ ಇದ್ದವರ ಹತ್ರ ಚಿಕ್ಕ ವಾಕ್ಯ ಹೇಳಿ, ಹೌದು–ಅಲ್ಲ ಅನ್ನೋ ಥರ ಕೇಳಿ. ಕೂಗ್ಬೇಡಿ.
• ಸಯನ್ಸ್ ಪಿಯುಸಿ ಓದ್ತಿರೋ ತಂಗಿ ತಮ್ಮಂದಿರೇ, ಬಿಎಎಸ್‌ಎಲ್‌ಪಿ ಅಂತ ಒಂದು ಡಿಗ್ರಿ ಇದೆ. ಮೈಸೂರು, ಮಂಗಳೂರು, ಮಣಿಪಾಲದಲ್ಲಿ ಕಲಿಸ್ತಾರೆ. ಕಲಿತು ಊರ ಕಡೆ ಬನ್ನಿ.

ಅಜ್ಜ ಈಗ ಹತ್ತು ಹದಿನೈದು ಶಬ್ದ ಆಡ್ತಾನೆ. ನನ್ನ ಹೆಸರು ಇನ್ನೂ ಸಿಕ್ಕಿಲ್ಲ. ದಿನಾ ಬೆಳಿಗ್ಗೆ ಕಾಲೇಜಿಗೆ ಓಡೋದು ನೋಡಿ ನೋಡಿ ನನ್ನನ್ನ "ಬಸ್ಸು" ಅಂತ ಕರೀತಾನೆ. ತಪ್ಪು ಅಂತ ಅವನಿಗೂ ಗೊತ್ತು, ನಗ್ತಾನೆ. ನಾನು "ಓ" ಅಂತೇನೆ.

#ಸಂತೆಗುಳಿ #ಕುಮಟಾ #ಮಾತಿಗೂಆಸ್ಪತ್ರೆಬೇಕು