ಪುಡಿಗಿಂತ ಮೊದಲು ನೀರು

ಬಟ್ಟೆ ಒಗೆಯುವುದೂ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯತಕ್ಕ ವಿಷಯವೇ ಎಂದು ವಾಚಕರಲ್ಲಿ ಕೆಲವರು ನಗಬಹುದು. ನಗಲಿ. ಹಾಗೆ ನಗುವವರ ಅಂಗಿಯೂ ಯಾರದೋ ಕೈಯಿಂದ ತಿಕ್ಕಿಸಿಕೊಂಡೇ ತರಗತಿಗೆ ಬರುತ್ತದೆ. ಆ ಕೈ ಯಾರದು, ಅದು ಹೇಗಿದೆ ಎಂಬುದನ್ನು ನಾನು ಬಹುಕಾಲ ನೋಡಿರಲಿಲ್ಲ. ನೋಡಿದ ಮೇಲೆ ಈ ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿತು.

ನಮ್ಮ ಮನೆಯಿರುವುದು ಸೇಡಂ ತಾಲ್ಲೂಕಿನ ಆದಿತ್ಯನಗರದ ಹತ್ತಿರ. ಕಳೆದ ವರ್ಷ ಕಾಲೇಜಿನ ಸಮಾರಂಭಕ್ಕೆಂದು ಬಿಳಿಯ ಅಂಗಿಯನ್ನು ಟ್ರಂಕಿನಿಂದ ತೆಗೆದರೆ ಅದು ಬಿಳಿಯಾಗಿರಲಿಲ್ಲ, ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವ್ವನ ಮೇಲೆ ರೇಗಿದೆ. "ಪುಡಿ ಹಾಕೀನಿ, ಸೋಡಾ ಹಾಕೀನಿ, ನೀಲಿನೂ ಹಾಕೀನಿ. ಇನ್ನೇನ್ ಹಾಕ್ಲೋ ತಮ್ಮಾ? ಈ ನೀರೇ ಹಂಗದ" ಎಂದು ಅವ್ವ ಎರಡೂ ಕೈಗಳನ್ನು ಮುಂದೆ ಚಾಚಿದಳು. ಅಂಗೈ ಬಿರಿದಿತ್ತು, ಬೆರಳ ಸಂದಿಯಲ್ಲಿ ಕೆಂಪು ಗೆರೆಗಳಿದ್ದವು. ನಾನು ಅದನ್ನು ಕಂಡೂ ಕಾಣದವನಂತೆ ಅಂಗಡಿಗೆ ಹೋದೆ. ಹೊಳಪಿಗೆ ಒಂದು ಪೊಟ್ಟಣ, ಮೆತ್ತಗಾಗಲು ಒಂದು ಬಾಟಲಿ, ಕಲೆಗೆ ಇನ್ನೊಂದು ಡಬ್ಬಿ, ಹೀಗೆ ಎರಡು ತಿಂಗಳ ಕೈಖರ್ಚು ಅಲ್ಲಿಗೇ ಮುಗಿಯಿತು. ಅಂಗಿ ಮಾತ್ರ ಇದ್ದಂತೆಯೇ ಇತ್ತು.

ಉತ್ತರ ದೊರೆತದ್ದು ಅಂಗಡಿಯಲ್ಲಲ್ಲ, ಭೂಗೋಳದ ತರಗತಿಯಲ್ಲಿ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಸುಣ್ಣದ ಕಲ್ಲಿನೊಳಗೆ ಇಳಿದಾಗ ಆ ಕಲ್ಲನ್ನು ಅಲ್ಪಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ ಎಂದು ಅಧ್ಯಾಪಕರು ವಿವರಿಸುತ್ತಿದ್ದರು. ನನಗೆ ಥಟ್ಟನೆ ಅವ್ವನ ಮಾತು ನೆನಪಾಯಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಈ ಸೀಮೆಯೆಲ್ಲ ಸುಣ್ಣದ ಕಲ್ಲಿನ ಮೇಲೆಯೇ ಕುಳಿತಿದೆ. ಶಹಾಬಾದಿ ಫರಸಿಯಾಗಿ ದೂರದೂರದ ಮನೆಗಳಿಗೆ ಹೋದದ್ದು ಈ ಕಲ್ಲೇ. ಸಿಮೆಂಟಾಗುವುದೂ ಈ ಕಲ್ಲೇ. ಅದೇ ಕಲ್ಲು ನಮ್ಮ ಬೋರಿನ ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿದೆ. ಇಂಥ ನೀರನ್ನೇ ಗಡಸು ನೀರೆನ್ನುವುದು.

ಅಂದೇ ಒಂದು ಪ್ರಯೋಗ ಮಾಡಿದೆ. ಓದುಗರೂ ಮಾಡಿ ನೋಡಬಹುದು. ಒಂದು ಶೀಶೆಯಲ್ಲಿ ಮಳೆಯ ನೀರು, ಇನ್ನೊಂದರಲ್ಲಿ ಬೋರಿನ ನೀರು. ಎರಡಕ್ಕೂ ಮೈಸಾಬೂನಿನ ಚೂರನ್ನು ಹೆರೆದು ಹಾಕಿ ಅಲುಗಿಸಿದೆ. ಮಳೆಯ ನೀರು ಕೂಡಲೇ ನೊರೆಯೆದ್ದಿತು. ಬೋರಿನ ನೀರಿನಲ್ಲಿ ನೊರೆಯ ಬದಲು ಒಡೆದ ಹಾಲಿನಂತೆ ಬಿಳಿಯ ತುಣುಕುಗಳು ತೇಲಿದವು. ಸಾಬೂನು ಕೊಳೆಯನ್ನು ಹಿಡಿಯುವ ಬದಲು ಸುಣ್ಣವನ್ನು ಹಿಡಿದು ಗಷ್ಟಾಗಿತ್ತು. ಆ ಗಷ್ಟೇ ನೂಲಿಗೆ ಅಂಟಿಕೊಂಡು ಬಟ್ಟೆಯನ್ನು ಬೂದು ಮಾಡುವುದು, ಒರಟು ಮಾಡುವುದು. ಈಗಿನ ಪುಡಿಗಳು ಸಾಬೂನಿನಷ್ಟು ಬೇಗ ಸೋಲವಾದರೂ ಗಡಸು ನೀರಿನಲ್ಲಿ ಅವುಗಳ ಬಲವೂ ಕುಂದುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಪುಡಿಯ ಜೊತೆಗೆ ಏನು ಹಾಕಬೇಕೆಂದು ಕೇಳುವ ಮೊದಲು ನೀರಿನಲ್ಲಿ ಏನಿದೆ ಎಂದು ಕೇಳಬೇಕು.

ಸೋಡಾದ ವಿಷಯವನ್ನೇ ತೆಗೆದುಕೊಳ್ಳೋಣ. ಸೋಡಾ ನೀರಿನ ಸುಣ್ಣವನ್ನು ತಳಕ್ಕಿಳಿಸಿ ಸಾಬೂನಿಗೆ ದಾರಿ ಬಿಡಿಸಿಕೊಡುತ್ತದೆ. ಹಿಂದಿನವರು ಒಲೆಯ ಬೂದಿಯನ್ನೂ ಸವಳು ಮಣ್ಣನ್ನೂ ಬಳಸಿದ್ದು ಇದೇ ಗುಣಕ್ಕಾಗಿ. ಅವುಗಳಲ್ಲಿರುವುದೂ ಸೋಡಾದ ಜಾತಿಯ ಕ್ಷಾರವೇ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದ ಮೇಲೆ ಬೂದಿ ಮರೆತುಹೋಯಿತು. ಆದರೆ ಬಹುಪಾಲು ಪುಡಿಗಳಲ್ಲಿ ಸೋಡಾ ಮೊದಲೇ ಬೆರೆತಿರುತ್ತದೆ ಎಂಬುದನ್ನು ನಮ್ಮ ಅವ್ವನಿಗೆ ಯಾರೂ ಹೇಳಿರಲಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ; ಬೇರೆ ನೀರಿಲ್ಲದ ಕಡೆ 600ರವರೆಗೆ ಸಮ್ಮತಿ. ನೀರು ಲೀಟರಿಗೆ 300ರಷ್ಟು ಗಡಸಾಗಿದೆಯೆಂದಿಟ್ಟುಕೊಂಡರೂ 10 ಲೀಟರಿನ ಬಕೆಟ್ಟಿಗೆ ಲೆಕ್ಕದಂತೆ ಬೇಕಾದ ಒಣ ಸೋಡಾ 3 ಗ್ರಾಮಿಗಿಂತ ತುಸು ಹೆಚ್ಚು, ಅಂದರೆ ಚಹಾದ ಚಮಚೆಯೂ ತುಂಬದು. ಅವ್ವ ಹಾಕುತ್ತಿದ್ದುದು ಒಂದು ಹಿಡಿ! ಉಳಿದ ಸೋಡಾ ಬಟ್ಟೆಗೆ ಉಪಯೋಗವಾಗದೆ ಅವಳ ಅಂಗೈಯನ್ನು ತಿಂದಿತು.

ಇನ್ನು ನೀಲಿ. ಅದು ಕೊಳೆ ತೆಗೆಯುವ ವಸ್ತುವಲ್ಲ. ಹಳದಿಗೆ ನೀಲಿ ಬೆರೆಸಿ ಕಣ್ಣಿಗೆ ಬಿಳುಪು ತೋರಿಸುವ ಉಪಾಯ. ಚೆನ್ನಾಗಿ ಜಾಲಿಸಿದ ಬಟ್ಟೆಗೆ ಕೊನೆಯ ನೀರಿನಲ್ಲಿ ಎರಡು ಹನಿ ಸಾಕು. ಗಷ್ಟು ಹಿಡಿದ ಬಟ್ಟೆಗೆ ನೀಲಿ ಹಾಕುವುದು ಗೋಡೆ ತೊಳೆಯದೆ ಸುಣ್ಣ ಬಳಿದಂತೆ. ಬ್ಲೀಚಿಂಗ್ ಪುಡಿ ಬಿಳಿಯ ಹತ್ತಿ ಬಟ್ಟೆಗೆ ಮಾತ್ರ, ಅದೂ ಅಪರೂಪಕ್ಕೆ. ರೇಷ್ಮೆ ಉಣ್ಣೆಗಳನ್ನು ಅದು ಕೆಡಿಸುತ್ತದೆ. ಅದನ್ನು ವಿನೆಗರ್ ಜೊತೆಗಾಗಲಿ ಪಾಯಖಾನೆ ತೊಳೆಯುವ ಆಸಿಡ್ಡಿನ ಜೊತೆಗಾಗಲಿ ಎಂದೂ ಕೂಡಿಸಬಾರದು. ಕೂಡಿಸಿದರೆ ಏಳುವ ಕ್ಲೋರಿನ್ ಅನಿಲ ಬಚ್ಚಲುಮನೆಯಲ್ಲಿ ಉಸಿರನ್ನೇ ಕಟ್ಟೀತು. ಮೆತ್ತಗಾಗಿಸುವ ದ್ರವಗಳು ನೂಲಿನ ಮೇಲೆ ಜಿಡ್ಡಿನಂಥ ಪದರವನ್ನು ಹಾಸುತ್ತವೆ. ಸೀರೆಗೆ ಅದು ಒಪ್ಪೀತು. ಟವೆಲಿಗೆ ಹಾಕಿದರೆ ಅದು ನೀರನ್ನೇ ಹೀರಲೊಲ್ಲದು. ಪುಡಿಯ ಜೊತೆಯಲ್ಲಿಯೇ ಸುರಿದರಂತೂ ಒಂದರ ಗುಣವನ್ನು ಇನ್ನೊಂದು ಕೊಲ್ಲುತ್ತದೆ. ಅದರ ಬದಲು ಕೊನೆಯ ಬಕೆಟ್ಟಿಗೆ ಎರಡು ಚಮಚೆ ಬಿಳಿಯ ವಿನೆಗರ್ ಹಾಕಿದರೆ ಉಳಿದ ಕ್ಷಾರ ಹೋಗಿ ಬಟ್ಟೆ ಹಗುರಾಗುತ್ತದೆ.

ಹೀಗೆ ಒಂದೊಂದು ವಸ್ತುವಿಗೆ ಒಂದೊಂದೇ ಕೆಲಸ. ದೋಷ ಯಾವುದೆಂದು ತಿಳಿಯದೆ ಎಲ್ಲವನ್ನೂ ಸುರಿಯುವುದು ರೋಗ ಗೊತ್ತಿಲ್ಲದೆ ಅಂಗಡಿಯ ಔಷಧಿಯನ್ನೆಲ್ಲ ಕುಡಿದಂತೆ. ಎಲ್ಲಕ್ಕಿಂತ ಅಗ್ಗವಾದ ವಸ್ತುವೋ ಆಕಾಶದಿಂದಲೇ ಬೀಳುತ್ತದೆ. ಮಾಳಿಗೆಯಿಂದ ಸುರಿಯುವ ಮಳೆಯ ನೀರಿನ ಮೊದಲ ಹೊಲಸನ್ನು ಬಿಟ್ಟು ಉಳಿದುದನ್ನು ಪೀಪಾಯಿಗಳಲ್ಲಿ ಹಿಡಿದರೆ, ಮಳೆಗಾಲದಲ್ಲಿ ಬಿಳಿಯ ಬಟ್ಟೆಗೆ ಸೋಡಾದ ಹಂಗೇ ಇಲ್ಲ.

ಇದೆಲ್ಲ ವಿಜ್ಞಾನದ ವಿದ್ಯಾರ್ಥಿಗಳ ಪಾಡು, ನಮಗೇಕೆ ಎಂದು ಕಲಾ ವಿಭಾಗದ ಮಿತ್ರರು ಕೇಳಬಹುದು. ನಮ್ಮ ಕಲ್ಯಾಣದ ನಾಡಿನಲ್ಲಿ 12ನೆಯ ಶತಮಾನದಷ್ಟು ಹಿಂದೆಯೇ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಮಡಿಮಾಡುವುದನ್ನು ಕಾಯಕವೆಂದು ನಡೆಸಿದರು. ಅವರನ್ನು ಕುರಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದ ನಾನೇ ಮನೆಯಲ್ಲಿ ಅಂಗಿ ಬಿಚ್ಚಿ ಮೂಲೆಗೆ ಎಸೆಯುತ್ತಿದ್ದೆ. ಓದಿದ್ದಕ್ಕೂ ನಡೆದದ್ದಕ್ಕೂ ಇದ್ದ ಅಂತರ ಇಷ್ಟು.

ಈಗ ನಮ್ಮ ಬಚ್ಚಲಿನ ಗೂಡಿನಲ್ಲಿ ಸೋಡಾದ ಡಬ್ಬಿಯ ಮೇಲೆ ಒಂದು ಚಮಚೆ ಇದೆ. ನನ್ನ ಬಟ್ಟೆಗಳನ್ನು ನಾನೇ ಒಗೆದುಕೊಳ್ಳುತ್ತೇನೆ. ಅಂಗಿ ಹಾಲಿನಂತೆ ಬೆಳ್ಳಗಾಗಿದೆ ಎಂದರೆ ಸುಳ್ಳಾದೀತು. ಬೂದು ಬಣ್ಣ ಬಹುಮಟ್ಟಿಗೆ ಬಿಟ್ಟಿದೆ. ಅವ್ವನ ಅಂಗೈಯ ಬಿರುಕುಗಳು ಮಾತ್ರ ಪೂರ್ತಿ ಮಾಯ್ದಿವೆ. ಮಿತ್ರರೇ, ಮುಂದಿನ ಬಾರಿ ಅಂಗಿ ಬೆಳ್ಳಗಾಗಿಲ್ಲವೆಂದು ಮನೆಯಲ್ಲಿ ರೇಗುವ ಮೊದಲು ಒಮ್ಮೆ ಬೋರಿನ ನೀರನ್ನು ಶೀಶೆಯಲ್ಲಿ ಅಲುಗಿಸಿ ನೋಡಿ. ಒಗೆದವರ ಅಂಗೈಯನ್ನೂ ನೋಡಿ.